ಒಂದು ಸರದಿಗೆ ನಾಲ್ಕು ಸರದಿ: ವಾಷಿಂಗ್ಟನ್ ಅಭಿಮಾನಿಗಳು ಇನ್ನೂ ಯಾಕೆ ಜಗಳ ಆಡುತ್ತಾರೆ?

ಪ್ರಶ್ನೆ: ನಾನು ಎರಡು ವರ್ಷದಿಂದ ವರ್ಜೀನಿಯಾದಲ್ಲಿದ್ದೇನೆ. ಆಫೀಸಿನಲ್ಲಿ ಎಲ್ಲರೂ ವಾಷಿಂಗ್ಟನ್ ಫುಟ್‌ಬಾಲ್ ತಂಡದ ಅಭಿಮಾನಿಗಳು. ಅವರ ಜೊತೆ ಸೇರಿ ನಾನೂ ನೋಡಲು ಶುರು ಮಾಡಿದ್ದೇನೆ. ಡ್ರಾಫ್ಟ್ ಹತ್ತಿರ ಬಂದಾಗಲೆಲ್ಲ 'ಆರ್‌ಜಿ3 ಟ್ರೇಡ್' ಅನ್ನುವ ಮಾತು ಬರುತ್ತದೆ. ಅರ್ಧ ಜನ ಹಣೆ ಚಚ್ಚಿಕೊಳ್ಳುತ್ತಾರೆ, ಇನ್ನರ್ಧ ಜನ 'ಆ ಒಂದು ವರ್ಷ ಮರೆಯೋಕಾಗುತ್ತಾ' ಅನ್ನುತ್ತಾರೆ. ಒಬ್ಬ ಆಟಗಾರನಿಗೋಸ್ಕರ ಇಷ್ಟು ವರ್ಷ ಆದ ಮೇಲೂ ಜಗಳ ಯಾಕೆ? ನಿಜಕ್ಕೂ ಅದು ಅಷ್ಟು ಕೆಟ್ಟ ವ್ಯಾಪಾರವಾ?

ಉತ್ತರ: ಕೆಟ್ಟ ವ್ಯಾಪಾರವೇ, ಅದರಲ್ಲಿ ಅನುಮಾನ ಬೇಡ. ರಾಬರ್ಟ್ ಗ್ರಿಫಿನ್ ಅನ್ನುವ ಒಬ್ಬ ಹುಡುಗನಿಗೋಸ್ಕರ 2012ರಲ್ಲಿ ವಾಷಿಂಗ್ಟನ್ ಹೊಸ ಆಟಗಾರರನ್ನು ಆರಿಸುವ ತನ್ನ ನಾಲ್ಕು ಸರದಿ, ಅಂದರೆ ಪಿಕ್, ಕೊಟ್ಟಿತು. ಆದರೆ ಹಣೆ ಚಚ್ಚಿಕೊಳ್ಳುವವರು ಸಾಮಾನ್ಯವಾಗಿ ಹೇಳುವ ಕಾರಣವನ್ನು ನಾನು ಪೂರ್ತಿ ಒಪ್ಪುವುದಿಲ್ಲ. 'ಅಷ್ಟೊಂದು ಪಿಕ್ ಕೊಟ್ಟು ಕೈ ಖಾಲಿ ಮಾಡಿಕೊಂಡೆವು, ಅದಕ್ಕೇ ಸೋತೆವು' ಅನ್ನುತ್ತಾರೆ ಅವರು. ಆ ಪಿಕ್‌ಗಳನ್ನೆಲ್ಲ ತೆಗೆದುಕೊಂಡ ತಂಡವೂ ಐದು ವರ್ಷ ಉದ್ಧಾರ ಆಗಲಿಲ್ಲ ಅಂದರೆ ಏನು ಹೇಳ್ತೀರಿ? ಆ ಕಥೆಗೆ ಆಮೇಲೆ ಬರುತ್ತೇನೆ.

ಮೊದಲು ಡ್ರಾಫ್ಟ್ ಅಂದರೇನು ನೋಡೋಣ. ನಮಗೆ ಐಪಿಎಲ್ ಹರಾಜು ಗೊತ್ತು. ಅಲ್ಲಿ ದುಡ್ಡು ಕೊಟ್ಟು ಆಟಗಾರನನ್ನು ಕೊಳ್ಳುತ್ತಾರೆ, ಎಡವಿದರೆ ದುಡ್ಡು ಹೋಯಿತು, ಮುಂದಿನ ಹರಾಜಿಗೆ ಮತ್ತೆ ದುಡ್ಡು ಬರುತ್ತದೆ. ಅಮೆರಿಕದ ಫುಟ್‌ಬಾಲ್‌ನಲ್ಲಿ ಕಾಲೇಜಿನಿಂದ ಬರುವ ಹುಡುಗರಿಗೆ ಹರಾಜಿಲ್ಲ. 32 ತಂಡಗಳು, ಏಳು ಸುತ್ತು. ಹಿಂದಿನ ಸೀಸನ್‌ನಲ್ಲಿ ಎಲ್ಲರಿಗಿಂತ ಕೆಟ್ಟದಾಗಿ ಆಡಿದ ತಂಡಕ್ಕೆ ಮೊದಲ ಸರದಿ, ಚಾಂಪಿಯನ್‌ಗೆ ಕೊನೆಯದು. ಈ ಸರದಿಗೇ ಪಿಕ್ ಅನ್ನುವುದು. ಅದನ್ನು ಸೈಟಿನ ಹಾಗೆ ಮಾರಬಹುದು, ಬದಲಿ ಮಾಡಿಕೊಳ್ಳಬಹುದು. ಮುಂದಿನ ವರ್ಷದ ಸರದಿ, ಅದರಾಚೆ ವರ್ಷದ ಸರದಿ, ಎಲ್ಲವನ್ನೂ ಇವತ್ತೇ ಮಾರಬಹುದು. ಮಜಾ ಇರುವುದು ಇಲ್ಲೇ. ಮುಂದಿನ ವರ್ಷ ನಿಮ್ಮ ತಂಡ ಎಷ್ಟು ಸೋಲುತ್ತೋ ನೀವು ಮಾರಿದ ಸರದಿಯ ಬೆಲೆ ಅಷ್ಟು ಏರುತ್ತದೆ, ಲಾಭ ಕೊಂಡವನಿಗೆ. ಬಿತ್ತನೆಗೆ ಇಟ್ಟ ಭತ್ತ ಕುಟ್ಟಿ ಹಬ್ಬದ ಅಡುಗೆ ಮಾಡಿದ ಹಾಗೆ. ಹಬ್ಬವೇನೋ ಜೋರಾಗಿಯೇ ಆಗುತ್ತದೆ.

2011ರ ಸೀಸನ್‌ನಲ್ಲಿ ವಾಷಿಂಗ್ಟನ್ 5 ಗೆದ್ದು 11 ಸೋತಿತ್ತು. ಚೆಂಡು ಎಸೆದು ತಂಡದ ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಜಾಗದಲ್ಲಿ ರೆಕ್ಸ್ ಗ್ರಾಸ್‌ಮನ್ ಒಂದು ವಾರ, ಜಾನ್ ಬೆಕ್ ಇನ್ನೊಂದು ವಾರ. ಮೂರು ಸೂಪರ್ ಬೌಲ್, ಅಂದರೆ ಲೀಗ್‌ನ ಫೈನಲ್, ಗೆದ್ದಿದ್ದ ತಂಡ ಅದು. ಕೊನೆಯದು 1991ರ ಸೀಸನ್‌ನಲ್ಲಿ. ಅಲ್ಲಿಂದ ಇಪ್ಪತ್ತು ವರ್ಷ ಅಭಿಮಾನಿಗಳು ಒಬ್ಬ ಒಳ್ಳೆಯ ಕ್ವಾರ್ಟರ್‌ಬ್ಯಾಕ್‌ಗೆ ಕಾದು ಕಾದು ಸುಸ್ತಾಗಿದ್ದರು. ಆ ವರ್ಷದ ಡ್ರಾಫ್ಟ್‌ನಲ್ಲಿ ಅವರಿಗೆ ಸಿಕ್ಕಿದ್ದು 6ನೇ ಸರದಿ. ಮೊದಲ ಸರದಿ ಇಂಡಿಯಾನಾಪೊಲಿಸ್‌ನದು. ಅವರು ಆಂಡ್ರೂ ಲಕ್‌ನನ್ನು ತೆಗೆದುಕೊಳ್ಳುತ್ತಾರೆ ಅನ್ನುವುದು ಊರಿಗೆಲ್ಲ ಗೊತ್ತಿತ್ತು. ಎರಡನೆಯದು ಸೇಂಟ್ ಲೂಯಿಸ್ ರ‍್ಯಾಮ್ಸ್ ಕೈಯಲ್ಲಿತ್ತು. ಆ ಜಾಗಕ್ಕೆ ಎಲ್ಲರ ಕಣ್ಣಿದ್ದ ಹುಡುಗ ಬೇಲರ್ ವಿಶ್ವವಿದ್ಯಾಲಯದ ರಾಬರ್ಟ್ ಗ್ರಿಫಿನ್ III. ಕಾಲೇಜು ಫುಟ್‌ಬಾಲ್‌ನ ಅತಿ ದೊಡ್ಡ ಬಹುಮಾನ ಹೈಸ್‌ಮನ್ ಟ್ರೋಫಿ 2011ರಲ್ಲಿ ಗೆದ್ದವನು. ಹರ್ಡಲ್ಸ್ ಓಟಗಾರ ಬೇರೆ, 2008ರಲ್ಲಿ ಒಲಿಂಪಿಕ್ಸ್ ಆಯ್ಕೆಯ ಟ್ರಯಲ್ಸ್‌ಗೂ ಹೋಗಿದ್ದ. ಹೆಸರು ಉದ್ದ ಅಂತ ಎಲ್ಲರ ಬಾಯಲ್ಲೂ ಆರ್‌ಜಿ3.

ರ‍್ಯಾಮ್ಸ್ ಅವನನ್ನು ತಾವೇ ಯಾಕೆ ಇಟ್ಟುಕೊಳ್ಳಲಿಲ್ಲ ಅಂತ ಕೇಳಬಹುದು. ಅವರು 2010ರಲ್ಲೇ ಮೊದಲ ಸರದಿ ಖರ್ಚು ಮಾಡಿ ಸ್ಯಾಮ್ ಬ್ರಾಡ್‌ಫರ್ಡ್ ಅನ್ನುವ ಕ್ವಾರ್ಟರ್‌ಬ್ಯಾಕ್‌ನನ್ನು ತಂದಿದ್ದರು. ಅವನ ಒಪ್ಪಂದ ಆರು ವರ್ಷಕ್ಕೆ 78 ಮಿಲಿಯನ್ ಡಾಲರ್. 2011ರಲ್ಲಿ ಆಟಗಾರರ ಸಂಘ ಮತ್ತು ಮಾಲೀಕರ ನಡುವೆ ಹೊಸ ಒಪ್ಪಂದ ಆಗಿ ಹೊಸ ಹುಡುಗರ ಸಂಬಳಕ್ಕೆ ಕಡಿವಾಣ ಬಿತ್ತು. ಗ್ರಿಫಿನ್‌ಗೆ ಸಿಕ್ಕಿದ್ದು ನಾಲ್ಕು ವರ್ಷಕ್ಕೆ ಸುಮಾರು 21 ಮಿಲಿಯನ್. ಹುಡುಗ ಅಗ್ಗವಾದ, ಹಾಗಾಗಿ ಅವನನ್ನು ಆರಿಸುವ ಸರದಿ ದುಬಾರಿಯಾಯಿತು. ಕ್ಲೀವ್‌ಲ್ಯಾಂಡ್ ಕೂಡ ಪೈಪೋಟಿಗೆ ಬಿದ್ದಿತ್ತು. ಇಬ್ಬರು ಗಿರಾಕಿಗಳು ಒಂದೇ ಅಂಗಡಿ ಮುಂದೆ ನಿಂತರೆ ಅಂಗಡಿಯವನು ಬಿಡ್ತಾನಾ?

ಕೊನೆಗೆ 2012ರ ಮಾರ್ಚ್‌ನಲ್ಲಿ ವಾಷಿಂಗ್ಟನ್ ಕೊಟ್ಟ ಬೆಲೆ ಇದು: 2012ರ 6ನೇ ಪಿಕ್, ಅದೇ ವರ್ಷದ ಎರಡನೇ ಸುತ್ತಿನ 39ನೇ ಪಿಕ್, 2013ರ ಮೊದಲ ಸುತ್ತಿನ ಪಿಕ್, 2014ರ ಮೊದಲ ಸುತ್ತಿನ ಪಿಕ್. 6ರಿಂದ 2ಕ್ಕೆ, ನಾಲ್ಕು ಮೆಟ್ಟಿಲು ಹತ್ತಲು ಇಷ್ಟು.

ಇದನ್ನು ತೂಗಲು ತಂಡಗಳ ಹತ್ತಿರ ಒಂದು ಹಳೇ ತಕ್ಕಡಿ ಇದೆ. 90ರ ದಶಕದ ಶುರುವಿನಲ್ಲಿ ಡಲ್ಲಾಸ್ ಕೋಚ್ ಜಿಮ್ಮಿ ಜಾನ್ಸನ್ ಕಾಲದಲ್ಲಿ ಬಂದ ಅಂಕಪಟ್ಟಿ. ಮೊದಲ ಸರದಿಗೆ 3000 ಅಂಕ, ಎರಡನೆಯದಕ್ಕೆ 2600, ಹೀಗೆ ಇಳಿಯುತ್ತಾ ಹೋಗುತ್ತದೆ. ವಾಷಿಂಗ್ಟನ್ ಕೊಟ್ಟ 6ನೇ ಪಿಕ್‌ಗೆ 1600, 39ನೆಯದಕ್ಕೆ 510. ಸೇರಿಸಿದರೆ 2110. ಎರಡು ವರ್ಷದ ಮೊದಲ ಸುತ್ತಿನ ಪಿಕ್‌ಗಳು 2600 ಮುಟ್ಟಲು ಉಳಿದ 490 ಅಂಕಕ್ಕೆ! ಅವೆರಡೂ ಎಷ್ಟನೇ ನಂಬರಿಗೆ ಬರುತ್ತವೆ ಅಂತ ಅವತ್ತು ಯಾರಿಗೂ ಗೊತ್ತಿರಲಿಲ್ಲ, ನಿಜ. ಆಮೇಲೆ ಗೊತ್ತಾಯಿತು. 2013ರದು 22ನೇ ನಂಬರಿಗೆ ಬಂತು, ಅಂದರೆ 780. 2014ರದು 2ನೇ ನಂಬರಿಗೆ ಬಂತು, ಅಂದರೆ 2600. ಒಟ್ಟು 5490. ಒಂದು 2ನೇ ಸರದಿ ಕೊಳ್ಳಲು ಕೊಟ್ಟ ಸಾಮಾನಿನಲ್ಲಿ ಇನ್ನೊಂದು 2ನೇ ಸರದಿಯೇ ಇತ್ತು.

ಇನ್ನೊಂದು ಏಟು ಯಾರ ನೆನಪಿಗೂ ಬೇಗ ಬರುವುದಿಲ್ಲ. ನನ್ನ ಪ್ರಕಾರ ಪಿಕ್‌ಗಳಷ್ಟೇ ದೊಡ್ಡ ಏಟು ಅದು. ಟ್ರೇಡ್ ಸುದ್ದಿ ಬಂದು ಕೆಲವೇ ದಿನಕ್ಕೆ ಲೀಗ್ ವಾಷಿಂಗ್ಟನ್‌ಗೆ ದಂಡ ಹಾಕಿತು. 2010ರಲ್ಲಿ ಒಂದು ವರ್ಷ ಸಂಬಳದ ಮಿತಿ ಇರಲಿಲ್ಲ. ಆ ಸಂದರ್ಭ ನೋಡಿಕೊಂಡು ತಂಡ ಕೆಲವು ಆಟಗಾರರ ದುಡ್ಡನ್ನು ಆ ಒಂದೇ ವರ್ಷಕ್ಕೆ ತುಂಬಿತ್ತು. ಅದಕ್ಕೆ ಶಿಕ್ಷೆಯಾಗಿ 2012 ಮತ್ತು 2013 ಸೇರಿ 36 ಮಿಲಿಯನ್ ಡಾಲರ್ ಸಂಬಳದ ಮಿತಿಯಲ್ಲಿ ಕಡಿತ. ಡ್ರಾಫ್ಟ್‌ನಿಂದ ಹೊಸ ಹುಡುಗರನ್ನು ತರಲು ಪಿಕ್ ಇಲ್ಲ, ಬೇರೆ ತಂಡದಿಂದ ಅನುಭವಿಗಳನ್ನು ಕೊಳ್ಳಲು ದುಡ್ಡಿಲ್ಲ. ಮನೆ ಅಡವಿಟ್ಟು ಕಾರು ತಂದ ವಾರವೇ ಸಂಬಳ ಕಟ್ ಆದ ಹಾಗೆ. ಗ್ರಿಫಿನ್ ಸುತ್ತ ಒಳ್ಳೆಯ ತಂಡ ಕಟ್ಟಲಿಲ್ಲ ಅಂತ ಬೈಯುವವರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಈಗ ಹಬ್ಬದ ಕಥೆಗೆ ಬರೋಣ. ನಿಮ್ಮ ಆಫೀಸಿನ 'ಮರೆಯೋಕಾಗುತ್ತಾ' ಪಾರ್ಟಿ ಹೇಳುವುದರಲ್ಲೂ ನ್ಯಾಯ ಇದೆ.

2012ರ ಸೆಪ್ಟೆಂಬರ್ 9, ನ್ಯೂ ಆರ್ಲಿಯನ್ಸ್. ಗ್ರಿಫಿನ್‌ನ ಮೊದಲ ಪಂದ್ಯ. ಎದುರಾಳಿಯ ಏಟಿಗೆ ನೆಲಕ್ಕೆ ಬೀಳುತ್ತಲೇ ಚೆಂಡು ಎಸೆದ. ಪಿಯರ್ ಗಾರ್ಸಾನ್ ಅದನ್ನು ಹಿಡಿದು ಎದುರಾಳಿಯ ಕೊನೆಯ ಗೆರೆ ದಾಟುವ ತನಕ ಓಡಿದ, 88 ಗಜದ ಟಚ್‌ಡೌನ್. ಗ್ರಿಫಿನ್ ಕೂತಲ್ಲೇ ಎರಡೂ ಕೈ ಮೇಲೆತ್ತಿದ. ಆ ವಾರ ಜನ ಆಫೀಸಲ್ಲಿ, ರಸ್ತೆಯಲ್ಲಿ, ಕಂಡಕಂಡಲ್ಲಿ ಹಾಗೇ ಕೂತು ಫೋಟೊ ತೆಗೆಸಿಕೊಂಡರು. ಪಂದ್ಯ 40-32ರಿಂದ ವಾಷಿಂಗ್ಟನ್ ಪಾಲು. ಅಕ್ಟೋಬರ್‌ನಲ್ಲಿ ಮಿನ್ನೆಸೋಟ ಎದುರು ತಾನೇ ಚೆಂಡು ಹಿಡಿದು 76 ಗಜ ಓಡಿದ. 3 ಗೆದ್ದು 6 ಸೋತಿದ್ದ ತಂಡ ಅಲ್ಲಿಂದ ಸತತ ಏಳು ಪಂದ್ಯ ಗೆದ್ದಿತು. ಡಿಸೆಂಬರ್ 30ರಂದು ಬದ್ಧವೈರಿ ಡಲ್ಲಾಸ್‌ನ್ನು ಸೋಲಿಸಿ, 1999ರ ನಂತರ ಮೊದಲ ಸಲ ತನ್ನ ಡಿವಿಷನ್‌ನಲ್ಲಿ, ಅಂದರೆ ನಾಲ್ಕು ತಂಡಗಳ ಗುಂಪಿನಲ್ಲಿ, ಮೊದಲ ಸ್ಥಾನ. 20 ಟಚ್‌ಡೌನ್ ಪಾಸ್, ಎದುರಾಳಿ ಕೈಗೆ ಕೊಟ್ಟಿದ್ದು ಬರೀ ಐದು. ಅದರ ಮೇಲೆ ಓಡಿ ಗಳಿಸಿದ್ದು 815 ಗಜ. ವರ್ಷದ ಅತ್ಯುತ್ತಮ ಹೊಸ ಆಟಗಾರ ಪ್ರಶಸ್ತಿ ಅವನಿಗೇ ಬಂತು. ಇಪ್ಪತ್ತು ವರ್ಷ ಕಾದವರಿಗೆ ಇದು ಏನು ಅನಿಸಿರಬೇಕು, ಆರ್‌ಸಿಬಿ ಅಭಿಮಾನಿಗಳಿಗೆ ನಾನು ಬಿಡಿಸಿ ಹೇಳಬೇಕಿಲ್ಲ.

ಡಿಸೆಂಬರ್ 9ರಂದು ಬಾಲ್ಟಿಮೋರ್ ಎದುರು ಹಲೋಟಿ ನಾಟಾ ಅನ್ನುವ ದೈತ್ಯ ಆಟಗಾರ ಬಂದು ಅಪ್ಪಳಿಸಿದ ಏಟಿಗೆ ಗ್ರಿಫಿನ್‌ನ ಬಲ ಮೊಣಕಾಲು ಉಳುಕಿತು. ಬದಲಿ ಕ್ವಾರ್ಟರ್‌ಬ್ಯಾಕ್ ಕಿರ್ಕ್ ಕಸಿನ್ಸ್ ಬಂದು ಪಂದ್ಯ ಉಳಿಸಿದ. ಮುಂದಿನ ವಾರ ಕ್ಲೀವ್‌ಲ್ಯಾಂಡ್‌ನಲ್ಲೂ ಆಡಿ ಗೆಲ್ಲಿಸಿದ. ಈ ಹೆಸರು ನೆನಪಿಟ್ಟುಕೊಳ್ಳಿ. ಅದರ ಮುಂದಿನ ವಾರ ಗ್ರಿಫಿನ್ ಕಾಲಿಗೆ ಪಟ್ಟಿ ಬಿಗಿದುಕೊಂಡು ವಾಪಸ್ ಬಂದ.

2013ರ ಜನವರಿ 6, ಸಿಯಾಟಲ್ ಎದುರು ಪ್ಲೇಆಫ್ ಪಂದ್ಯ. ನಮ್ಮಲ್ಲಿ ಆಗ ಬೆಳಗಿನ ಜಾವ 3 ಗಂಟೆ. ಕಂಬಳಿ ಹೊದ್ದು ಲ್ಯಾಪ್‌ಟಾಪ್ ಮುಂದೆ ಕೂತಿದ್ದೆ. ಮೊದಲ ಕಾಲುಭಾಗದಲ್ಲೇ ವಾಷಿಂಗ್ಟನ್ 14-0 ಮುಂದೆ. ಎದ್ದು ಕಾಫಿ ಮಾಡಿಕೊಳ್ಳೋಣ ಅನ್ನುವಷ್ಟು ನೆಮ್ಮದಿ. ಎರಡನೇ ಟಚ್‌ಡೌನ್‌ಗೆ ಮುಂಚೆ ಬಲಕ್ಕೆ ಓಡುತ್ತಾ ಎಸೆಯುವಾಗ ಅವನ ಕಾಲು ಕೊಂಚ ಎಡವಟ್ಟಾಯಿತು. ಅಲ್ಲಿಂದ ಅವನು ಬೇರೆಯೇ ಮನುಷ್ಯ. ಕುಂಟುತ್ತಿದ್ದ. ಕಾಲು ಊರಿ ಎಸೆಯಲು ಆಗುತ್ತಿರಲಿಲ್ಲ, ಬರೀ ತೋಳಿನ ಬಲದಲ್ಲಿ ಎಸೆಯುತ್ತಿದ್ದ. ಇಡೀ ಪಂದ್ಯದಲ್ಲಿ ಪಾಸ್‌ನಿಂದ ಬಂದಿದ್ದು 84 ಗಜ. ಆ ಮೈದಾನವೋ, ಹುಲ್ಲಿಗಿಂತ ಮಣ್ಣೇ ಜಾಸ್ತಿ. ಅದೇ ಪಂದ್ಯದಲ್ಲಿ ಸಿಯಾಟಲ್‌ನ ಕ್ರಿಸ್ ಕ್ಲೆಮನ್ಸ್‌ನ ಮೊಣಕಾಲೂ ಹೋಯಿತು. ಕಸಿನ್ಸ್ ಪಕ್ಕದಲ್ಲಿ ನಿಂತೇ ಇದ್ದ. ಕೋಚ್ ಮೈಕ್ ಶಾನಹಾನ್ ಗ್ರಿಫಿನ್‌ನನ್ನು ಕೇಳಿದರು, ಆಡ್ತೀನಿ ಅಂದ. 22 ವರ್ಷದ ಹುಡುಗ ಬೇರೆ ಏನು ಹೇಳ್ತಾನೆ? ನಾಲ್ಕನೇ ಕಾಲುಭಾಗ, ಇನ್ನು ಆರೇಳು ನಿಮಿಷ ಬಾಕಿ. ಆಟ ಶುರು ಮಾಡಲು ಹಿಂದಕ್ಕೆ ಕೊಡುವ ಚೆಂಡು, ಅಂದರೆ ಸ್ನ್ಯಾಪ್, ಕೆಳಗೆ ಬಂತು. ಚೆಂಡು ಎತ್ತಿಕೊಳ್ಳಲು ಗ್ರಿಫಿನ್ ಬಾಗಿದ. ಯಾರೂ ಮುಟ್ಟಿರಲಿಲ್ಲ. ಮೊಣಕಾಲು ಒಳಕ್ಕೆ ಮಡಚಿಕೊಂಡು ಕುಸಿದ. ಪಂದ್ಯ 24-14ರಿಂದ ಹೋಯಿತು. ನಾನು ಕಾಫಿ ಕುಡಿಯಲಿಲ್ಲ.

ಮೂರು ದಿನಕ್ಕೆ ಎರಡು ಲಿಗಮೆಂಟ್‌ಗಳ ಆಪರೇಷನ್. ಸೆಪ್ಟೆಂಬರ್‌ನ ಮೊದಲ ಪಂದ್ಯಕ್ಕೇ ಬರ್ತೀನಿ ಅಂತ ಹಟ ಹಿಡಿದ, ಬಂದ. ಬರಬಾರದಿತ್ತು. ಆ ವರ್ಷ ತಂಡ 3 ಗೆದ್ದು 13 ಸೋತಿತು. ಕೊನೆಯ ಮೂರು ಪಂದ್ಯ ಅವನನ್ನು ಕೂರಿಸಿದರು, ಸೀಸನ್ ಮುಗಿದ ಮರುದಿನ ಕೋಚ್‌ನನ್ನು ಮನೆಗೆ ಕಳಿಸಿದರು. ಹಾಗೆ ಸೋತಿದ್ದಕ್ಕೆ ಸಿಕ್ಕ 2ನೇ ಸರದಿ ಹೋಗಿದ್ದು ರ‍್ಯಾಮ್ಸ್ ಕೈಗೆ.

ನನ್ನ ವಾದ ಇಷ್ಟೇ. ಆ ದಿನ ಮಾಮೂಲಿ ಬೆಲೆಯ ಹುಡುಗ ಕುಂಟುತ್ತಿದ್ದರೆ ಎರಡನೇ ಕಾಲುಭಾಗದಲ್ಲೇ ಬೆಂಚಿಗೆ ಕರೆಯುತ್ತಿದ್ದರು. ಮೂರು ವರ್ಷದ ಬಿತ್ತನೆ ಸುರಿದು ತಂದವನನ್ನು ಒಳಗೆ ಕರೆಯಲು ಯಾರಿಗೂ ಧೈರ್ಯ ಬರಲಿಲ್ಲ. ಕೋಚ್‌ಗೂ ಇಲ್ಲ, ಮಾಲೀಕರಿಗೂ ಇಲ್ಲ, ಸ್ವತಃ ಅವನಿಗೂ ಇಲ್ಲ. ಕೊಟ್ಟ ಬೆಲೆ ಅವನ ಮೊಣಕಾಲಿನ ಮೇಲೆ ಕೂತಿತ್ತು. ಕಳೆದುಕೊಂಡ ನಾಲ್ಕು ಪಿಕ್‌ಗಿಂತ ಟ್ರೇಡ್‌ನ ಈ ನಷ್ಟವೇ ದೊಡ್ಡದು ಅಂತ ನನಗೆ ಅನಿಸುತ್ತದೆ.

ಪಿಕ್‌ಗಳ ಕಥೆ ಏನಾಯಿತು? ರ‍್ಯಾಮ್ಸ್ ಅವನ್ನು ಸುಮ್ನೆ ಇಟ್ಟುಕೊಳ್ಳಲಿಲ್ಲ. 6ನೇ ಪಿಕ್ ಡಲ್ಲಾಸ್‌ಗೆ ಕೊಟ್ಟು ಎರಡು ತಂದರು, ಅದರಲ್ಲಿ ಒಂದನ್ನು ಶಿಕಾಗೊಗೆ ಕೊಟ್ಟು ಮತ್ತೆ ಎರಡು ಮಾಡಿದರು, 22ನೆಯದನ್ನು ಅಟ್ಲಾಂಟಾಗೆ ಕೊಟ್ಟು ಮೂರು ಮಾಡಿದರು. ನೂರರ ನೋಟು ಚಿಲ್ಲರೆ ಮಾಡಿಸಿದ ಹಾಗೆ. ಕೊನೆಗೆ ಎಂಟು ಆಟಗಾರರು ಬಂದರು.

2014ರ ಡಿಸೆಂಬರ್ 7ರಂದು ರ‍್ಯಾಮ್ಸ್ ಆಡಲು ಬಂದಿದ್ದು ವಾಷಿಂಗ್ಟನ್ ಮೈದಾನಕ್ಕೆ. ಟಾಸ್‌ಗೆ ಪ್ರತಿ ತಂಡವೂ ನಾಯಕರನ್ನು ಕಳಿಸುತ್ತದೆ. ರ‍್ಯಾಮ್ಸ್ ಕೋಚ್ ಜೆಫ್ ಫಿಶರ್ ಆ ದಿನ ಆರು ಜನರನ್ನು ಕಳಿಸಿದರು. ಮೈಕಲ್ ಬ್ರಾಕರ್ಸ್, ಜನೋರಿಸ್ ಜೆಂಕಿನ್ಸ್, ಆಲೆಕ್ ಓಗಲ್‌ಟ್ರೀ, ಸ್ಟೆಡ್‌ಮನ್ ಬೇಲಿ, ಜ್ಯಾಕ್ ಸ್ಟೇಸಿ, ಗ್ರೆಗ್ ರಾಬಿನ್ಸನ್. ಆರೂ ಜನ ಆ ಟ್ರೇಡ್‌ನಿಂದ ಬಂದವರೇ! ಸಾಲಾಗಿ ನಡೆದು ಬಂದು ಮೈದಾನದ ನಡುವೆ ನಿಂತರು. ಆ ದಿನ ಪಂದ್ಯ ಶುರು ಮಾಡಿದ್ದು ಗ್ರಿಫಿನ್ ಕೂಡ ಅಲ್ಲ, ಅವನ ಬದಲು ಕೋಲ್ಟ್ ಮಕಾಯ್. ಪಂದ್ಯದ ಸ್ಕೋರು 24-0. ಇಷ್ಟು ಅಚ್ಚುಕಟ್ಟಾದ ಕುಹಕ ನಾನು ಯಾವ ಆಟದಲ್ಲೂ ನೋಡಿಲ್ಲ. ವಾಷಿಂಗ್ಟನ್ ಅಭಿಮಾನಿಗಳಿಗೆ ಸೋಲಿಗಿಂತ ಆ ಟಾಸ್ ಜಾಸ್ತಿ ಚುಚ್ಚಿತು.

ಆದರೆ ಕುಹಕ ಮಾಡಿದವರ ಮನೆಯ ಲೆಕ್ಕವೂ ನೋಡಿ. 2012ರಿಂದ 2016ರ ತನಕ ರ‍್ಯಾಮ್ಸ್ ಒಂದು ವರ್ಷವೂ ಸೋಲಿಗಿಂತ ಜಾಸ್ತಿ ಗೆಲುವು ಕಾಣಲಿಲ್ಲ. ಟಾಸ್‌ಗೆ ಆರು ಜನರನ್ನು ಕಳಿಸಿದ ಫಿಶರ್‌ನ್ನೇ 2016ರ ಡಿಸೆಂಬರ್‌ನಲ್ಲಿ ತೆಗೆದುಹಾಕಿದರು. ಬ್ರಾಡ್‌ಫರ್ಡ್‌ನ ಮೊಣಕಾಲೂ 2013ರಲ್ಲಿ ಹೋಯಿತು, 2014ರಲ್ಲಿ ಮತ್ತೆ ಅದೇ ಕಾಲು ಹೋಯಿತು. 2014ರ 2ನೇ ಪಿಕ್‌ನಲ್ಲಿ ಬಂದ ಗ್ರೆಗ್ ರಾಬಿನ್ಸನ್ ನಿಲ್ಲಲೇ ಇಲ್ಲ, ಮೂರು ವರ್ಷಕ್ಕೆ ಆರನೇ ಸುತ್ತಿನ ಒಂದು ಪಿಕ್‌ಗೆ ಡೆಟ್ರಾಯಿಟ್‌ಗೆ ಕೊಟ್ಟುಬಿಟ್ಟರು. ಅದೇ ಡ್ರಾಫ್ಟ್‌ನ 13ನೇ ಪಿಕ್ ರ‍್ಯಾಮ್ಸ್‌ನ ಸ್ವಂತದ್ದು. ಅದರಲ್ಲಿ ಬಂದವನು ಆರನ್ ಡೊನಾಲ್ಡ್, ಆ ಪೀಳಿಗೆಯ ಅತ್ಯುತ್ತಮ ರಕ್ಷಣಾ ಆಟಗಾರ. ಕಿತ್ತುಕೊಂಡ ಸರದಿಯಲ್ಲಿ ಜೊಳ್ಳು, ಮನೆಯ ಸರದಿಯಲ್ಲಿ ಚಿನ್ನ. ಆಮೇಲೆ 2016ರಲ್ಲಿ ರ‍್ಯಾಮ್ಸ್ ತಾವೇ ರಾಶಿ ಪಿಕ್ ಕೊಟ್ಟು ಮೊದಲ ಸರದಿ ಕೊಂಡು ಜೇರಡ್ ಗಾಫ್‌ನನ್ನು ತಂದರು. ಅವನು ಮೂರನೇ ವರ್ಷದಲ್ಲೇ ತಂಡವನ್ನು ಸೂಪರ್ ಬೌಲ್‌ಗೆ ಕರೆದುಕೊಂಡು ಹೋದ. ಹಾಗಾಗಿ 'ಸರದಿ ಕೊಳ್ಳುವುದೇ ದಡ್ಡತನ' ಅಂತಲೂ ಕಣ್ಣುಮುಚ್ಚಿ ಹೇಳಲಾಗದು.

ಕೇಡ್ ಮ್ಯಾಸಿ ಮತ್ತು ಅರ್ಥಶಾಸ್ತ್ರದ ನೊಬೆಲ್ ಪಡೆದ ರಿಚರ್ಡ್ ಥೇಲರ್ ಡ್ರಾಫ್ಟ್ ಬಗ್ಗೆ ಅಧ್ಯಯನ ಮಾಡಿದ್ದಾರೆ. ಒಂದೇ ಸ್ಥಾನದಲ್ಲಿ ಆಡುವ ಇಬ್ಬರಲ್ಲಿ ಮೊದಲು ಆಯ್ಕೆಯಾದವನು ಅವನ ನಂತರ ಆಯ್ಕೆಯಾದವನಿಗಿಂತ ಚೆನ್ನಾಗಿ ಆಡುವ ಸಾಧ್ಯತೆ 52% ಅಂತ ಅವರು ಲೆಕ್ಕ ಹಾಕಿದರು. ಹೆಚ್ಚುಕಡಿಮೆ ನಾಣ್ಯ ಚಿಮ್ಮಿದ ಹಾಗೆ. 2012ರ ಕ್ವಾರ್ಟರ್‌ಬ್ಯಾಕ್‌ಗಳನ್ನೇ ತೆಗೆದುಕೊಳ್ಳಿ. ಮೊದಲ ಇಬ್ಬರು ಲಕ್ ಮತ್ತು ಗ್ರಿಫಿನ್. ಸೂಪರ್ ಬೌಲ್ ಗೆದ್ದವರು 75ನೇ ಪಿಕ್‌ನ ರಸೆಲ್ ವಿಲ್ಸನ್, 88ನೇ ಪಿಕ್‌ನ ನಿಕ್ ಫೋಲ್ಸ್. ಆ ಜನವರಿ ಸಂಜೆ ಸಿಯಾಟಲ್ ಪರ ಆಡಿ ಗೆದ್ದ ಕ್ವಾರ್ಟರ್‌ಬ್ಯಾಕ್ ಇದೇ ವಿಲ್ಸನ್. 102ನೇ ಪಿಕ್‌ನಲ್ಲಿ ಬಂದವನು ಕಸಿನ್ಸ್, ಅವನನ್ನು ಆರಿಸಿದ್ದೂ ವಾಷಿಂಗ್ಟನ್ನೇ. 2015ರಲ್ಲಿ ಗ್ರಿಫಿನ್ ಇಡೀ ವರ್ಷ ಮೈದಾನಕ್ಕೇ ಇಳಿಯಲಿಲ್ಲ, ಕಸಿನ್ಸ್ ಆಡಿ ತಂಡವನ್ನು ಪ್ಲೇಆಫ್‌ಗೆ ಒಯ್ದ. 2016ರ ಮಾರ್ಚ್‌ನಲ್ಲಿ ಗ್ರಿಫಿನ್‌ನನ್ನು ಬಿಟ್ಟರು. ಎರಡು ವರ್ಷ ಆದ ಮೇಲೆ ಕಸಿನ್ಸ್ ಕೂಡ ಹೊರಟ, ಮಿನ್ನೆಸೋಟಕ್ಕೆ, 84 ಮಿಲಿಯನ್ ಡಾಲರ್‌ಗೆ. ಅವನನ್ನು ಉಳಿಸಿಕೊಳ್ಳದ್ದು ಇನ್ನೊಂದು ಗಾಯ. ಚಾಹಲ್‌ನನ್ನು ಬಿಟ್ಟ ಮೇಲೆ 2022ರಲ್ಲಿ ಅವನು ರಾಜಸ್ಥಾನಕ್ಕೆ 27 ವಿಕೆಟ್ ತೆಗೆದಾಗ ಚಿನ್ನಸ್ವಾಮಿ ಗ್ಯಾಲರಿಯವರಿಗೆ ಹೊಟ್ಟೆ ಉರಿಯಲಿಲ್ವಾ, ಆ ಜಾತಿಯದ್ದು.

'ಅವತ್ತೇ ಗೊತ್ತಿತ್ತು' ಅನ್ನುವವರನ್ನು ಮಾತ್ರ ನಂಬಬೇಡಿ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರಲ್ಲ, ಹಾಗೆ. 2012ರ ಆ ಏಳು ಗೆಲುವಿನ ಓಟದಲ್ಲಿ ಈ ಟ್ರೇಡ್ ತಪ್ಪು ಅಂದವರನ್ನು ಹುಡುಕಬೇಕಿತ್ತು. ಬೆಲೆ ಜಾಸ್ತಿ ಅಂತ ಮಾರ್ಚ್‌ನಲ್ಲೇ ಗೊಣಗಿದವರಿದ್ದರು, ಡಿಸೆಂಬರ್ ಹೊತ್ತಿಗೆ ಅವರೂ ಗ್ರಿಫಿನ್‌ನ 10ನೇ ನಂಬರಿನ ಜೆರ್ಸಿ ಹಾಕಿಕೊಂಡಿದ್ದರು.

ನೀವು ಹೊಸಬರಾದ್ದರಿಂದ ಒಂದು ವಿಷಯ ಗಮನಿಸಿರುವುದಿಲ್ಲ. 2024ರಲ್ಲಿ ವಾಷಿಂಗ್ಟನ್‌ಗೆ ಮತ್ತೆ 2ನೇ ಸರದಿ ಬಂತು, ಈ ಸಲ ತನ್ನದೇ, ಯಾರಿಗೂ ಏನೂ ಕೊಡದೆ. ಮತ್ತೆ ಹೈಸ್‌ಮನ್ ಗೆದ್ದ ಹುಡುಗ, ಮತ್ತೆ ಓಡುವ ಕ್ವಾರ್ಟರ್‌ಬ್ಯಾಕ್, ಜೇಡನ್ ಡೇನಿಯಲ್ಸ್. ಅವನಿಗೂ ಅತ್ಯುತ್ತಮ ಹೊಸ ಆಟಗಾರ ಪ್ರಶಸ್ತಿ ಬಂತು, ತಂಡ 12 ಪಂದ್ಯ ಗೆದ್ದು ಸೂಪರ್ ಬೌಲ್‌ಗೆ ಒಂದೇ ಮೆಟ್ಟಿಲು ಹಿಂದೆ ನಿಂತಿತು. ಅವನು ಚೆಂಡು ಹಿಡಿದು ಓಡಲು ಶುರು ಮಾಡಿದಾಗ ನಿಮ್ಮ ಸಹೋದ್ಯೋಗಿಗಳ ಮುಖ ನೋಡಿ. ಹೊಸ ಹುಡುಗರು ಎದ್ದು ಕೂಗುತ್ತಾರೆ. ನಲವತ್ತು ದಾಟಿದವರು 'ಜಾರಿ ಕೂತ್ಕೊಳ್ಳೋ, ಏಟು ತಿನ್ನಬೇಡ' ಅಂತ ಟಿವಿಗೆ ಗದರುತ್ತಾರೆ.

ಮುಂದಿನ ಸಲ ಈ ಮಾತು ಬಂದಾಗ ಪಿಕ್‌ಗಳ ಲೆಕ್ಕ ಕೇಳಬೇಡಿ. 'ಸಿಯಾಟಲ್ ಪಂದ್ಯದಲ್ಲಿ ಕಸಿನ್ಸ್‌ನನ್ನು ಯಾವಾಗ ಇಳಿಸಬೇಕಿತ್ತು?' ಅಂತ ಕೇಳಿ. ಊಟದ ಡಬ್ಬಿ ಮಾತ್ರ ಮೊದಲೇ ಮುಗಿಸಿಕೊಂಡಿರಿ.